ಜೀಪಿನ ಮೇಲೆ ಮೊದಲ ಹಕ್ಕು

ಮಾದಾಪುರದ ಕಮಲನಿಗೆ ತನ್ನ ಅಣ್ಣನ ಮಗ ತೀರ್ಥಪ್ರಸಾದನ ಮೇಲೆ ಪ್ರೀತಿ ಬೇಕಾದಷ್ಟಿತ್ತು, ನಂಬಿಕೆ ಅಷ್ಟಕ್ಕಷ್ಟೇ. ಎರಡನ್ನೂ ಅವಳು ಎಂದೂ ಒಟ್ಟಿಗೆ ಕಲಸಿದವಳಲ್ಲ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತು ಹತ್ತುವ ತನ್ನ ಹಳೇ ಜೀಪಿಗೆ ಹೊಸ ಎಂಜಿನ್ ಕೂರಿಸಬೇಕೆಂದು ಅವನು ತಲೆ ಕೆರೆದುಕೊಂಡು ಜಗಲಿಯಲ್ಲಿ ಕೂತಾಗ, ಕರಿಮೆಣಸು ಮಾರಿ ಬಂದಿದ್ದ ಹಣವನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯನ್ನು ಅವನ ಮುಂದೆ ಒಡ್ಡಿದ್ದಳು.

"ಜೀಪಿನ ಆರ್‌ಸಿ ಕಾರ್ಡು ಕೊಡು. ದುಡ್ಡು ವಾಪಸ್ ಬಂದ ದಿನ ಕಾರ್ಡು ವಾಪಸ್."

"ಅತ್ತೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಕಾರ್ಡಿನ ಮೇಲೆ ಜಾಸ್ತಿ ಉಟ್ಟು."

ಕಮಲ ಹೊರಗಿನವರೊಂದಿಗೆ ಎಲ್ಲರ ಹಾಗೆ ಕನ್ನಡ ಮಾತಾಡುತ್ತಿದ್ದಳು. ಸಿಟ್ಟೋ ಸಲಿಗೆಯೋ ಬಂದರೆ ಮಾತ್ರ ಮನೆಯ ಅರೆಭಾಷೆ ನಾಲಿಗೆಗೆ ಇಳಿದು, 'ಉಂಟು' ಎನ್ನುವುದು 'ಉಟ್ಟು' ಆಗುತ್ತಿತ್ತು. ಅದು ಇಳಿದ ಮೇಲೆ ಅವಳೊಂದಿಗೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ತೀರ್ಥಪ್ರಸಾದ ಕಾರ್ಡು ಕೊಟ್ಟ. ಅವಳು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಬೀರುವಿನೊಳಗೆ ರೇಷ್ಮೆ ಸೀರೆಗಳ ಅಡಿಗೆ ಸೇರಿಸಿದಳು. ಹೋದ ಮಳೆಗಾಲದಲ್ಲಿ ಒಮ್ಮೆ, "ಆರ್‌ಟಿಒ ಆಫೀಸಲ್ಲಿ ಒಂದು ಸಣ್ಣ ಕೆಲಸ ಉಂಟು" ಎಂದು ಅವನು ಅದನ್ನು ಈಸಿಕೊಂಡು ಹೋಗಿ, ಕೆಲವು ವಾರ ಬಿಟ್ಟು ಒಳ್ಳೇ ಹುಡುಗನಂತೆ ತಂದೂ ಕೊಟ್ಟಿದ್ದ. ಹೊಸದಾಗಿ ಹೊಳೆಯುತ್ತಿದ್ದ ಕಾರ್ಡನ್ನು ನೋಡಿ ಕಮಲನಿಗೆ ಸಂತೋಷವೇ ಆಗಿತ್ತು. ಒರೆಸಿ ತಂದಿದ್ದಾನೆ ಎಂದುಕೊಂಡಿದ್ದಳು.

ಅವಳ ಗಂಡ ದೇರಪ್ಪ ಮಾತ್ರ ಆಗಾಗ ಕೆಣಕುತ್ತಿದ್ದ. "ಜೀಪು ಬೆಟ್ಟದ ಮೇಲೆ, ಕಾರ್ಡು ಬೀರುವಿನಲ್ಲಿ. ನಾಳೆ ಅವನು ಕೈ ಎತ್ತಿದರೆ ಕಾರ್ಡಿನ ಮೇಲೆ ಕೂತ್ಕೊಂಡು ಹೋಗ್ತೀಯಾ?"

"ಕಾರ್ಡಿಲ್ಲದೆ ಜೀಪು ಮಾರಕ್ಕಾಗಲ್ಲ. ನಿಮಗೆ ಇಂಥದ್ದೆಲ್ಲ ಗೊತ್ತಾಗಲ್ಲ, ಸುಮ್ನಿರಿ" ಎನ್ನುತ್ತಿದ್ದಳು ಕಮಲ.

ಕಾಫಿ ಕೊಯ್ಲು ಮುಗಿದು, ಊರೆಲ್ಲ ಸ್ವಲ್ಪ ಕಾಲು ಚಾಚಿ ಕೂತಿದ್ದ ದಿನಗಳಲ್ಲಿ ಜೀಪಿನ ಗೇರ್‌ಬಾಕ್ಸು ಕೈಕೊಟ್ಟಿತು. ತೀರ್ಥಪ್ರಸಾದ ಅದನ್ನು ಪೇಟೆಯಾಚೆ ತಿರುವಿನಲ್ಲಿದ್ದ ಕುಶಾಲಪ್ಪನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಒಂದು ಮಧ್ಯಾಹ್ನ ದೇರಪ್ಪ ಪೇಟೆಯಿಂದ ಬಂದವನೇ ಟೋಪಿ ತೆಗೆಯುವ ಮೊದಲೇ ಸುದ್ದಿ ತೆಗೆದ.

"ಕಮಲಾ, ನಿನ್ನ ಜೀಪನ್ನು ಬೆಳ್ಯಪ್ಪ ತಗೊಂಡು ಹೋಗ್ತಾನಂತೆ."

ಬೆಳ್ಯಪ್ಪನಿಗೆ ಪೇಟೆಯಲ್ಲಿ ಗೊಬ್ಬರ, ಗೋಣಿಚೀಲದ ಅಂಗಡಿ ಇತ್ತು. ಬೇಕಾದವರಿಗೆ ಕೈಸಾಲವನ್ನೂ ಕೊಡುತ್ತಿದ್ದ. ತೀರ್ಥಪ್ರಸಾದನಿಗೂ ಕೊಟ್ಟಿದ್ದ, ಬದಲಿಗೆ ಜೀಪಿನ ಎರಡನೇ ಕೀಯನ್ನೂ, 'ಸಾಲ ತೀರದಿದ್ದರೆ ಜೀಪು ನಿಮ್ಮದು' ಎಂದು ಬರೆಸಿದ ಛಾಪಾಕಾಗದವನ್ನೂ ಇಟ್ಟುಕೊಂಡಿದ್ದ. ಈಗ ಕುಟ್ಟ ಊರಿನ ಕಡೆಯ ಹೋಂಸ್ಟೇ ಮಾಲೀಕನೊಬ್ಬ ಗಟ್ಟಿ ಜೀಪೊಂದನ್ನು ಹುಡುಕುತ್ತಿದ್ದಾನೆಂದು ಕೇಳಿ, ಇದೇ ಸಮಯವೆಂದು ಎದ್ದಿದ್ದ.

ಕಮಲ ಬೀರು ತೆಗೆದಳು. ಕರ್ಚೀಫಿನ ಗಂಟು ವ್ಯಾನಿಟಿ ಬ್ಯಾಗಿಗೆ ಬಿತ್ತು. "ನೀವೂ ಬನ್ನಿ" ಎಂದಳು ಗಂಡನಿಗೆ. ದೇರಪ್ಪನಿಗೆ ಕರೆಯುವ ಅಗತ್ಯವಿರಲಿಲ್ಲ. ಅಂಥ ತಮಾಷೆಯನ್ನು ತಪ್ಪಿಸಿಕೊಳ್ಳುವ ಮನುಷ್ಯ ಅವನಲ್ಲ.

ಗ್ಯಾರೇಜಿನಲ್ಲಿ ಜೀಪು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಚಕ್ರಗಳನ್ನು ಬಿಚ್ಚಿ ಒಂದರ ಮೇಲೊಂದು ಪೇರಿಸಿ, ಕುಶಾಲಪ್ಪ ಅವುಗಳ ಮೇಲೆ ಕೂತು ಬೀಡಿ ಸೇದುತ್ತಿದ್ದ. ಎದುರಿಗೆ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಬೆಳ್ಯಪ್ಪ ಕೀಯನ್ನು ಬೆರಳಲ್ಲಿ ಗಿರಗಿರನೆ ತಿರುಗಿಸುತ್ತಿದ್ದ. ಈ ಇಬ್ಬರ ನಡುವೆ ತೀರ್ಥಪ್ರಸಾದ, ಯಾರದೋ ಮದುವೆಗೆ ಬಂದ ನೆಂಟನ ಹಾಗೆ, ಎಲ್ಲರಿಗೂ ಟೀ ಹೇಳುತ್ತಿದ್ದ.

"ಕೀ ನನ್ನ ಹತ್ರ ಉಂಟು. ಅಂದ ಮೇಲೆ ಗಾಡಿ ನಂದು" ಎಂದ ಬೆಳ್ಯಪ್ಪ.

"ಹಾಕಿ ತಿರುಗಿಸಿ, ಬೆಳ್ಯಪ್ಪಣ್ಣ. ಹಾರನ್ ಚೆನ್ನಾಗಿ ಹೊಡೀತದೆ" ಎಂದ ಕುಶಾಲಪ್ಪ. "ಹೋಗಬೇಕಂದ್ರೆ ಚಕ್ರ ಬೇಕು. ಚಕ್ರ ಬೇಕಂದ್ರೆ ಗೇರ್‌ಬಾಕ್ಸಿನ ಕೂಲಿ, ಸಾಮಾನಿನ ದುಡ್ಡು, ಹೋದ ವರ್ಷ ಸಾಲದ ಮೇಲೆ ಕೊಟ್ಟ ಟೈರಿನ ದುಡ್ಡು, ಎಲ್ಲ ಇಲ್ಲಿಡಬೇಕು."

"ಯಾರೂ ಏನೂ ಇಡೋದು ಬೇಡ" ಎನ್ನುತ್ತ ಕಮಲ ಒಳಗೆ ಬಂದಳು. ಬ್ಯಾಗಿನಿಂದ ಗಂಟು ತೆಗೆದು, ಬಿಚ್ಚಿ, ಕಾರ್ಡನ್ನು ಎತ್ತಿ ಹಿಡಿದಳು. "ಆರ್‌ಸಿ ನನ್ನ ಹತ್ರ."

ಒಬ್ಬನ ಬಳಿ ಕೀ, ಒಬ್ಬನ ಬಳಿ ಚಕ್ರ, ಒಬ್ಬಳ ಬಳಿ ಕಾರ್ಡು. ಮೂವರೂ ತೀರ್ಥಪ್ರಸಾದನನ್ನು ನೋಡಿದರು. ಅವನು ಟೀ ಗ್ಲಾಸನ್ನು ಅತ್ತೆಯ ಕೈಗೆ ಕೊಟ್ಟ.

"ಎಲ್ಲರೂ ನನ್ನವರೇ ಅಲ್ವಾ?" ಎಂದ. "ಯಾರಿಗೂ ಬೇಜಾರಾಗಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ."

ದೇರಪ್ಪ ಗೋಡೆಯ ಕಡೆ ತಿರುಗಿ ಕೆಮ್ಮಿದ. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಜಗಳ ಟೀ ಮುಗಿಯುವವರೆಗೂ ನಡೆಯಿತು. ಕೊನೆಗೆ ದೇರಪ್ಪನೇ ಒಂದು ದಾರಿ ಹೇಳಿದ. ಅವನ ಮನೆಯ ಪಾಲುಪಟ್ಟಿ ಮಾಡಿಸಿಕೊಟ್ಟ ಹಿರಿಯ ವಕೀಲರು ಸೋಮವಾರಪೇಟೆಯಲ್ಲಿದ್ದರು. ಅವರು ಹೇಳಿದ್ದನ್ನು ಎಲ್ಲರೂ ಕೇಳುವುದು. ಬೆಳ್ಯಪ್ಪ ಒಪ್ಪಿದ. ಕುಶಾಲಪ್ಪ ಚಕ್ರಗಳನ್ನು ಒಳಗಿಟ್ಟು ಬೀಗ ಹಾಕಿ ಒಪ್ಪಿದ. ಒಪ್ಪದವನು ತೀರ್ಥಪ್ರಸಾದ ಒಬ್ಬನೇ. ಅಷ್ಟು ಹೊತ್ತು ಮುಖದ ಮೇಲೆ ಕುಳಿತಿದ್ದ ನಗು ಸೋಮವಾರಪೇಟೆ ಎಂದೊಡನೆ ಎದ್ದುಹೋಗಿತ್ತು.

"ಮಡಿಕೇರಿಗೇ ಹೋಗೋಣ ಅತ್ತೆ. ಅಲ್ಲಿ ದೊಡ್ಡ ದೊಡ್ಡ ವಕೀಲರಿದ್ದಾರೆ."

"ನಿನ್ನ ಜೀಪಿಗೆ ಸಣ್ಣ ವಕೀಲರೇ ಸಾಕು. ಕಾರು ಹತ್ತು" ಎಂದಳು ಕಮಲ.

ವಕೀಲರ ಆಫೀಸು ಬೇಕರಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಬಿಸಿ ಬನ್ನಿನ ವಾಸನೆ. ಹಿರಿಯ ವಕೀಲರು ಕೋರ್ಟು ಕೆಲಸಕ್ಕೆ ಹೊರಗೆ ಹೋಗಿದ್ದರು. ಅವರ ಜೂನಿಯರ್ ಹುಡುಗಿಯೊಬ್ಬಳು ಫೈಲುಗಳ ನಡುವೆ ಕೂತಿದ್ದಳು. ಕಪ್ಪು ಕೋಟು ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಎದ್ದು ನಿಂತು ಎಲ್ಲರನ್ನೂ ಕೂರಿಸಿ, ತನ್ನ ಹೆಸರು ಸಿಂಚನಾ ಎಂದಳು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಹುಡುಗಿ. ಕಮಲನಿಗೆ ನೋಡಿದ ಕೂಡಲೇ ಹಿಡಿಸಿದಳು.

ಕಮಲ ಕಾರ್ಡಿನ ಕಥೆ ಹೇಳಿದಳು, ಬೆಳ್ಯಪ್ಪ ಕೀಯ ಕಥೆ, ಕುಶಾಲಪ್ಪ ಗೇರ್‌ಬಾಕ್ಸಿನ ಕಥೆ. ಸಿಂಚನಾ ಬರೆದುಕೊಳ್ಳುತ್ತಿದ್ದಳು.

"ಗಾಡಿ ನಂಬರ್ ಹೇಳಿ" ಎಂದಳು.

ಬೆಳ್ಯಪ್ಪ ಛಾಪಾಕಾಗದ ನೋಡಿ ಓದಿದ. ಅರ್ಧ ಓದುವಷ್ಟರಲ್ಲೇ ಅವಳ ಪೆನ್ನು ನಿಂತಿತು. ಅವಳು ತಲೆಯೆತ್ತಿ, ದೇರಪ್ಪನ ಬೆನ್ನ ಹಿಂದೆ ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಿದ್ದ ತೀರ್ಥಪ್ರಸಾದನನ್ನು ನೋಡಿದಳು. ಅವನು ಬೇಕರಿಯ ಬೋರ್ಡನ್ನು ಬಹಳ ಗಮನವಿಟ್ಟು ಓದುತ್ತಿದ್ದ.

"ಈ ಕೇಸನ್ನ ನಾನು ತಗೊಳ್ಳೋ ಹಾಗಿಲ್ಲ" ಎಂದಳು ಸಿಂಚನಾ.

"ಯಾಕಮ್ಮ?"

"ಕಾರ್ಡಿನ ಹಿಂಬದಿ ತಿರುಗಿಸಿ ಓದಿ."

ಕನ್ನಡಕ ಮನೆಯಲ್ಲೇ ಉಳಿದಿತ್ತು. ಕಮಲ ಕಾರ್ಡನ್ನು ಗಂಡನ ಕೈಗೆ ಕೊಟ್ಟಳು. ದೇರಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಣ್ಣಕ್ಷರಗಳನ್ನು ಕೂಡಿಸಿ ಓದಿದ. ಗಾಡಿ ಯಾರಿಗೆ ಅಡವಾಗಿದೆ ಎಂದು ತೋರಿಸುವ ಜಾಗದಲ್ಲಿ ಒಂದು ಹೆಸರಿತ್ತು. ದೇರಪ್ಪ ಎರಡು ಸಲ ಓದಿದ. ಆಮೇಲೆ ಆ ಹುಡುಗಿಯನ್ನು ನೋಡಿದ, ಬಾಗಿಲಲ್ಲಿದ್ದ ಹುಡುಗನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಅವನಿಗೆ ಮತ್ತೆ ಕೆಮ್ಮು ಶುರುವಾಯಿತು.

"ಎಂತ ಬರೆದುಟ್ಟು? ಹೇಳಿ!" ಎಂದಳು ಕಮಲ.

"ಸಿಂಚನಾ ಅಂತ ಉಟ್ಟು."

ಕಮಲನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಎರಡು ವಿಷಯ ಒಟ್ಟಿಗೇ ಅರ್ಥವಾದವು. ಒಂದು, ಇಷ್ಟು ದಿನ ರೇಷ್ಮೆ ಸೀರೆಗಳ ಕೆಳಗೆ ತಾನು ಕಾಪಾಡಿಕೊಂಡು ಬಂದದ್ದು ಈ ಹುಡುಗಿಯ ಹಕ್ಕಿನ ಚೀಟಿಯನ್ನು. ಇನ್ನೊಂದು, ಅಣ್ಣನ ಮಗ ವಾರಕ್ಕೆ ಎರಡು ಸಲ ಸೋಮವಾರಪೇಟೆಗೆ ಬರುತ್ತಿದ್ದುದು ಡೀಸೆಲ್ ಹಾಕಿಸಲು ಅಲ್ಲ. ಯಾವುದಕ್ಕೆ ಮೊದಲು ಸಿಟ್ಟಾಗಬೇಕೆಂದು ಅವಳಿಗೆ ತಿಳಿಯಲಿಲ್ಲ.

"ವಕೀಲೆ ಅಂತ ಮಾತಾಡಲ್ಲ. ಸಾಲ ಕೊಟ್ಟವಳು ಅಂತ ಹೇಳ್ತೀನಿ, ಕೇಳಿ" ಎಂದಳು ಸಿಂಚನಾ. "ಜೀಪು ತಗೊಳ್ಳುವಾಗ ಇವರು ಫೈನಾನ್ಸ್‌ನಲ್ಲಿ ಸಾಲ ಮಾಡಿದ್ದರು. ಆಗ ಕಾರ್ಡಿನಲ್ಲಿ ಫೈನಾನ್ಸಿನವರ ಹೆಸರು ಇತ್ತು. ಹೋದ ಮಳೆಗಾಲದಲ್ಲಿ ಕಂತು ಕಟ್ಟಕ್ಕಾಗದೆ ಗಾಡಿ ಹೋಗೋ ಹಾಗಿತ್ತು. ಉಳಿದದ್ದನ್ನ ನಾನು ಕಟ್ಟಿದೆ. ಅವರ ಹೆಸರು ತೆಗೆಸಿ, ಇವರ ಸೈನು ನನ್ನ ಸೈನು ಎರಡನ್ನೂ ಕೊಟ್ಟು, ಆರ್‌ಟಿಒದಲ್ಲಿ ನನ್ನ ಹೆಸರು ಹಾಕಿಸಿದೆ."

"ನನ್ನ ಛಾಪಾಕಾಗದ?" ಬೆಳ್ಯಪ್ಪ ಕಾಗದವನ್ನು ಮೇಜಿನ ಮೇಲೆ ಬಡಿದ. "ಇಲ್ಲಿ ಇವನ ಸೈನ್ ಇಲ್ವಾ?"

"ಇದೆ. ಅದು ನಿಮ್ಮಿಬ್ಬರ ಮಧ್ಯದ ಮಾತು. ಪೆಟ್ಟಿಗೆಯಲ್ಲಿಟ್ಟ ಕಾಗದ ಮೂರನೆಯವರಿಗೆ ಹೇಗೆ ಕಾಣಬೇಕು? ನನ್ನ ಹೆಸರು ಯಾರು ಬೇಕಾದರೂ ನಂಬರ್ ಹಾಕಿ ನೋಡೋ ಹಾಗಿದೆ. ತಾರೀಕೂ ನೋಡಿ, ನಿಮ್ಮ ಕಾಗದ ದೀಪಾವಳಿ ಕಳೆದ ಮೇಲಿನದು. ಸಾಲ ಕೊಡೋ ಮುಂಚೆ ಒಂದು ಸಲ ಮೊಬೈಲ್ ಒತ್ತಿದ್ದರೆ ನಿಮಗೇ ಗೊತ್ತಾಗ್ತಿತ್ತು."

"ಕೀ?"

"ಕೀ ನಿಮ್ಮ ಜೇಬಲ್ಲಿ, ಜೀಪು ದಿನಾ ಬೆಟ್ಟದ ಮೇಲೆ. ಜೀಪು ನಿಮ್ಮ ವಶದಲ್ಲಿ ಎಲ್ಲಿತ್ತು?"

ಕುಶಾಲಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದ. "ನನ್ನ ವಶದಲ್ಲಿ ಉಂಟು."

"ನಿಮ್ಮದು ಗಟ್ಟಿ" ಎಂದಳು ಸಿಂಚನಾ. "ಕೈಯಾರೆ ರಿಪೇರಿ ಮಾಡಿದ್ದೀರಿ. ಆ ಗೇರ್‌ಬಾಕ್ಸಿನ ದುಡ್ಡು ಬರೋವರೆಗೆ ಗಾಡಿ ಬಿಡಬೇಕಾಗಿಲ್ಲ, ನಾನು ಬಂದು ಕೇಳಿದರೂ ಅಷ್ಟೇ. ಆದರೆ ಹೋದ ವರ್ಷದ ಟೈರಿನ ದುಡ್ಡಿಗೆ ಇವತ್ತಿನ ಗಾಡಿ ಹಿಡಿಯೋ ಹಾಗಿಲ್ಲ. ಅದು ಬೇರೆ ಸಾಲ."

ಕುಶಾಲಪ್ಪ ಅರ್ಧ ಗೆದ್ದ ಮುಖ ಮಾಡಿಕೊಂಡು ಹಿಂದಕ್ಕೆ ಒರಗಿದ.

"ಮತ್ತೆ ನಾನು?" ಎಂದಳು ಕಮಲ. "ಮೊದಲು ದುಡ್ಡು ಕೊಟ್ಟವಳು ನಾನು. ನಿನಗಿಂತ ಮುಂಚೆ."

"ಮೊದಲು ಕೊಟ್ಟಿರಿ. ಆದರೆ ನಿಮಗೂ ಜೀಪಿಗೂ ಸಂಬಂಧ ಇದೆ ಅಂತ ಎಲ್ಲೂ ಬರೆಸಲಿಲ್ಲ. ಕಾರ್ಡು ಇಟ್ಕೊಂಡರೆ ಜೀಪು ಇಟ್ಕೊಂಡ ಹಾಗಾಗಲ್ಲ. ಇವರು ಕೊಡದಿದ್ದರೆ ನೀವೂ ಬೆಳ್ಯಪ್ಪಣ್ಣನೂ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕು. ಜೀಪು ಮಾರಿದರೂ ಮೊದಲು ನನ್ನದು ತೀರಿ, ಉಳಿದದ್ದು ನಿಮಗೆ."

ಕಮಲನ ಮುಖ ಕೆಂಪಾಯಿತು. ಇಷ್ಟು ವರ್ಷ ಗಂಡನಿಗೆ 'ನಿಮಗೆ ಗೊತ್ತಾಗಲ್ಲ' ಎಂದು ಹೇಳಿದ್ದೆಲ್ಲ ಈಗ ದೇರಪ್ಪನ ಮೀಸೆಯಡಿ ಕೂತು ನಗುತ್ತಿತ್ತು. ಅವಳು ಬಾಗಿಲ ಕಡೆ ತಿರುಗಿದಳು.

"ಏ ತೀರ್ಥ! ನಂಗೆ ಹೇಳಕ್ಕೆ ನಿಂಗೆ ಬಾಯಿ ಇತ್ತಿಲ್ಲೆಯಾ?"

"ಯಾವುದನ್ನ ಹೇಳಲಿ ಅತ್ತೆ?" ಎಂದ ತೀರ್ಥಪ್ರಸಾದ, ಬೋರ್ಡಿನಿಂದ ಕಣ್ಣು ತೆಗೆಯದೆ. "ಎರಡೂ ಒಟ್ಟಿಗೆ ಹೇಳಬೇಕಿತ್ತು. ಧೈರ್ಯ ಬರಲಿಲ್ಲ."

ಅದು ಆ ದಿನ ಅವನು ಆಡಿದ ಮೊದಲ ನಿಜವಾದ ಮಾತು. ಕಮಲನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಇಳಿದ ಜಾಗಕ್ಕೆ ಕುತೂಹಲ ಹತ್ತಿತು. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ನಿನ್ನ ಊರು ಯಾವುದಮ್ಮ?"

"ಕೊಡ್ಲಿಪೇಟೆ ಹತ್ರ."

"ಮನೆಯಲ್ಲಿ ಯಾರ್ಯಾರಿದ್ದಾರೆ? ತೋಟ ಉಂಟಾ? ಅಪ್ಪನಿಗೆ ಇವನ ವಿಷಯ ಗೊತ್ತುಂಟಾ?"

"ಜೀಪಿನ ವಿಷಯ ಗೊತ್ತು" ಎಂದಳು ಸಿಂಚನಾ. ಮೊದಲ ಸಲ ಅವಳ ಕಣ್ಣು ಮೇಜಿನ ಕಡೆ ಇಳಿಯಿತು.

"ನಾವೀಗ ಜೀಪಿನ ವಿಷಯಕ್ಕೆ ಬಂದವರು" ಎಂದು ಬೆಳ್ಯಪ್ಪ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನೋಡು" ಎಂದಳು ಕಮಲ, ದನಿಯನ್ನು ಬೆಣ್ಣೆ ಮಾಡಿ. "ನಾಳೆ ನಮ್ಮ ಮನೆಗೆ ಬರೋಳು ನೀನು. ನಾನು ಅವನ ಅತ್ತೆ. ಆ ಮೊದಲನೇ ಜಾಗ ನನಗೆ ಬಿಟ್ಟುಕೊಡಕ್ಕಾಗಲ್ವಾ?"

"ಆಗ್ತದೆ. ಮೊದಲಿನವರು ಒಪ್ಪಿ ಬರೆದುಕೊಟ್ಟರೆ ಹಿಂದಿನವರು ಮುಂದೆ ಬರಬಹುದು."

"ಹಾಗಾದರೆ ಬರೆದುಕೊಡು."

"ಇಲ್ಲ, ಅತ್ತೆ" ಎಂದಳು ಸಿಂಚನಾ. "ಮರ್ಯಾದೆ ಎಷ್ಟು ಬೇಕಾದರೂ ಕೊಡ್ತೀನಿ. ಜಾಗ ಮಾತ್ರ ಬಿಡಲ್ಲ. ಅದು ನನ್ನ ಮೊದಲ ಎರಡು ವರ್ಷದ ಸಂಪಾದನೆ. ಇವರ ಮೇಲೆ ಪ್ರೀತಿ ಇದೆ, ನಂಬಿಕೆ ಅಷ್ಟಿಲ್ಲ."

ಕಮಲನದೇ ಮಾತು ಬೇರೆಯವರ ಬಾಯಿಂದ ಬಂದಿತ್ತು. ಈ ಹುಡುಗಿಯಿಂದ, ಈ ಕೂಸಿನಿಂದ ಅವನು ಬದುಕಿಕೊಳ್ಳುತ್ತಾನೆ ಎಂದು ಅವಳಿಗೆ ಆ ಗಳಿಗೆಯಲ್ಲೇ ಖಾತ್ರಿಯಾಯಿತು. ಆದರೆ ಅದನ್ನು ಅಲ್ಲಿ ಹೇಳುವಷ್ಟು ದಡ್ಡಿ ಅವಳಲ್ಲ.

ಮಾತು ಒಂದು ದಡಕ್ಕೆ ಬಂತು. ಜೀಪು ಮಾರುವುದು ಬೇಡ. ಬೇಸಿಗೆ ರಜೆಗೆ ಪ್ರವಾಸಿಗರು ಬರುವ ಹೊತ್ತಿಗೆ ಅದು ಓಡುತ್ತಿದ್ದರೇ ಎಲ್ಲರಿಗೂ ಲಾಭ. ಗೇರ್‌ಬಾಕ್ಸಿನ ಬಿಲ್ಲನ್ನು ಸದ್ಯಕ್ಕೆ ಸಿಂಚನಾ ಕೊಟ್ಟು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಟೈರಿನ ಬಾಕಿ, ಬೆಳ್ಯಪ್ಪನ ಸಾಲ, ಕಮಲನ ಸಾಲ, ಇವೆಲ್ಲ ಸಂಪಾದನೆ ಬಂದ ಹಾಗೆ. ಬೆಳ್ಯಪ್ಪ ಕೀಯನ್ನು ಮಾತ್ರ ಕೊಡಲಿಲ್ಲ. "ಇದಾದರೂ ಇರಲಿ" ಎಂದು ಜೇಬಿಗೆ ಹಾಕಿಕೊಂಡ.

ವಾಪಸು ಬರುವಾಗ ಕಮಲ ಕಾರಿನ ಕಿಟಕಿಯಿಂದ ದಾರಿಬದಿಯ ಕಾಫಿ ತೋಟಗಳನ್ನೇ ನೋಡುತ್ತಿದ್ದಳು. ಹೆಂಡತಿ ಸೋತಳೆಂದು ದೇರಪ್ಪ ಭಾವಿಸಿದ. ಮನೆಯ ಗೇಟಿನ ಹತ್ತಿರ ಬಂದಾಗ ಅವಳು ಹಿಂದಿನ ಸೀಟಿನ ಕಡೆ ತಿರುಗಿದಳು.

"ತೀರ್ಥ, ನಿನ್ನ ತೋಟದ ಈ ವರ್ಷದ ಕಾಫಿ ಎಲ್ಲಿ ಉಟ್ಟು?"

"ಬೆಳೆಗಾರರ ಸಂಘದ ಗೋಡೌನಲ್ಲಿ. ರೇಟು ಏರಲಿ ಅಂತ ಇಟ್ಟೆ."

"ಅದರ ಮೇಲೂ ಆ ಕೂಸಿನ ಹೆಸರು ಉಟ್ಟಾ?"

"ಇಲ್ಲೆ ಅತ್ತೆ. ಅದು ಚೊಕ್ಕ."

"ಗೋಡೌನಿನ ರಸೀದಿ ತಗೊಂಡು ಬೆಳಿಗ್ಗೆ ಬಾ. ಮೊದಲು ಬಾ, ಕಾಫಿ ಕುಡಿಯೋದೆಲ್ಲ ಆಮೇಲೆ."

ಮರುದಿನ ಸಂಘದ ಬಾಗಿಲು ತೆಗೆಯುವ ಮೊದಲೇ ಕಮಲ ಕಟ್ಟೆಯ ಮೇಲೆ ಕೂತಿದ್ದಳು, ಈ ಸಲ ಕನ್ನಡಕ ಹಾಕಿಕೊಂಡು. ಗೋಡೌನು ನೋಡಿಕೊಳ್ಳುವ ದಿಗಂತ್ ಬಂದು ಶಟರ್ ಎತ್ತುತ್ತಿದ್ದಂತೆ ಅವಳು ಅಣ್ಣನ ಮಗನ ಮಾತನ್ನು ನಂಬದೆ ದಿಗಂತನನ್ನೇ ಕೇಳಿದಳು: ಈ ಚೀಲಗಳ ಮೇಲೆ ಬ್ಯಾಂಕಿನದೋ ಬೇರೆಯವರದೋ ಅಡಮಾನ ಇದೆಯೇ? ಇಲ್ಲ ಎಂದ ದಿಗಂತ್. ಅವನು ತೋರಿಸಿದ ಪುಟವನ್ನೂ ಅವಳೇ ಓದಿ ನೋಡಿದಳು. ಆಮೇಲೆ ತೀರ್ಥಪ್ರಸಾದ ರಸೀದಿಯ ಹಿಂಬದಿಯಲ್ಲಿ ಕಾಫಿ ಅತ್ತೆಗೆ ಅಡವೆಂದು ಬರೆದು ಸೈನು ಹಾಕಿ ಅತ್ತೆಯ ಕೈಗೆ ಕೊಟ್ಟ. ಇನ್ನು ಮುಂದೆ ಚೀಲಗಳನ್ನು ಕಮಲನ ಪರವಾಗಿ ಇಟ್ಟುಕೊಂಡಿರುವುದಾಗಿಯೂ, ಅವಳು ಹೇಳದೆ ಒಂದು ಕಾಳನ್ನೂ ಹೊರಗೆ ಬಿಡುವುದಿಲ್ಲವೆಂದೂ ಸಂಘದಿಂದ ಬರೆಸಿಕೊಂಡು, ಸೀಲು ಹಾಕಿಸಿಕೊಂಡಳು. ಸೀಲು ಸ್ವಲ್ಪ ಮಸುಕಾಗಿ ಬಿದ್ದಿತ್ತು. ಇನ್ನೊಮ್ಮೆ ಒತ್ತಿಸಿದಳು.

ಮೆಟ್ಟಿಲಿಳಿಯುವಾಗ ಎದುರಿಗೆ ಬೆಳ್ಯಪ್ಪ ಬರುತ್ತಿದ್ದ. ಕೈಯಲ್ಲಿ ಹೊಸ ಛಾಪಾಕಾಗದ. ರಾತ್ರಿಯೆಲ್ಲ ಯೋಚಿಸಿ ಅವನಿಗೂ ಕಾಫಿಯ ನೆನಪಾಗಿತ್ತು.

"ಏನು ಕಮಲಕ್ಕ, ಇಷ್ಟು ಬೇಗ?"

"ನೀವು ಸ್ವಲ್ಪ ತಡ ಬೆಳ್ಯಪ್ಪ. ಬನ್ನಿ, ಕಾಫಿಯಂತೂ ನಂದಾಯಿತು, ಟೀ ಕುಡಿಸ್ತೇನೆ."

ಟೀ ಕುಡಿಯುತ್ತ ಬೆಳ್ಯಪ್ಪನ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿತು. ಕಾಫಿ ಮಾರಿದಾಗ ತನ್ನದು ಕಳೆದು ಉಳಿದದ್ದು ಅವನಿಗೇ ಹೋಗಲಿ ಎಂದಳು. ತೀರ್ಥಪ್ರಸಾದ ಒಪ್ಪಿದ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಸಂಜೆ ಸಿಂಚನಾಳ ಫೋನು ಬಂತು. "ಅತ್ತೆ, ಕಾಫಿ ನಿಮ್ಮದಾಯಿತಂತೆ."

"ಆಯಿತು. ಎಲ್ಲಾದರೂ ತಪ್ಪು ಮಾಡಿದೀನಾ?"

"ಇಲ್ಲ. ಸರಿಯಾಗೇ ಮಾಡಿದ್ದೀರಿ." ಅವಳು ಸೇರಿಸಿದಳು, "ಈ ವಾರ ನಾನೇ ಮಾಡಿಸೋಣ ಅಂತಿದ್ದೆ."

ಕಮಲ ಫೋನಿಟ್ಟು ಬಹಳ ಹೊತ್ತು ನಕ್ಕಳು. ಅಂಥ ಹೊಗಳಿಕೆ ಅವಳಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ಬೇಸಿಗೆ ಚೆನ್ನಾಗಿಯೇ ಹೋಯಿತು. ಜೀಪು ದಿನಕ್ಕೆ ಹಲವು ಸಲ ಬೆಟ್ಟ ಹತ್ತಿತು. ಕಾಫಿಗೆ ರೇಟು ಬಂದಾಗ ಕಮಲ ಚೀಲಗಳನ್ನು ಬಿಡಿಸಿ ಮಾರಿಸಿ, ತನ್ನದನ್ನು ತೆಗೆದುಕೊಂಡಳು. ಬೆಳ್ಯಪ್ಪನಿಗೆ ಬಹುಪಾಲು ಸಂದಿತು. ಕುಶಾಲಪ್ಪ ಟೈರಿನ ದುಡ್ಡನ್ನು ಕಂತಿನಲ್ಲಿ ಪಡೆದ. ಮಳೆ ಶುರುವಾಗುವ ಮೊದಲು ಎರಡೂ ಮನೆಯವರು ಕೂತು ಮಾತಾಡಿದರು. ಸಿಂಚನಾಳ ಅಪ್ಪನಿಗೆ ಜೀಪಿನ ವಿಷಯದ ಜೊತೆಗೆ ಉಳಿದ ವಿಷಯವೂ ತಿಳಿಯಿತು. ಮದುವೆಗೆ ದಿನ ಗೊತ್ತಾಯಿತು.

ಮಾತುಕತೆ ಮುಗಿಸಿ ಎಲ್ಲರೂ ಊಟಕ್ಕೆ ಏಳುವಾಗ ತೀರ್ಥಪ್ರಸಾದ ಅತ್ತೆಯನ್ನು ಅಡುಗೆಮನೆಯ ಪಕ್ಕಕ್ಕೆ ಕರೆದ.

"ಅತ್ತೆ, ನೀವು ಒಂದು ಮಾತು ಹೇಳಿದರೆ ಅವಳು ಕೇಳ್ತಾಳೆ. ಇನ್ನು ಸ್ವಲ್ಪ ಬಾಕಿ ಅಷ್ಟೇ. ಮದುವೆ ಉಡುಗೊರೆ ಅಂತ ಜೀಪಿನ ಮೇಲಿಂದ ಹೆಸರು ತೆಗೆಸಕ್ಕೆ ಹೇಳಿ."

ಕಮಲ ಕಡುಬಿನ ತಟ್ಟೆಯನ್ನು ಕೆಳಗಿಟ್ಟಳು.

"ಬಾಕಿ ಉಟ್ಟಾ?"

"ಸ್ವಲ್ಪ ಉಟ್ಟು."

"ಹಂಗಾರೆ ಹೆಸರೂ ಇರಲಿ."

"ಅತ್ತೆ, ನೀವು ಯಾರ ಕಡೆ?"

ಕಮಲ ಒಳಗೆ ನೋಡಿದಳು. ಸಿಂಚನಾ ದೇರಪ್ಪನ ಪಕ್ಕ ಕೂತು, ಅವನ ತಟ್ಟೆಗೆ ಕೋಳಿಸಾರು ಬಡಿಸುತ್ತ, ಅವನು ಹೇಳುತ್ತಿದ್ದ ಯಾವುದೋ ಗಡಿ ತಕರಾರನ್ನು ತಲೆದೂಗಿ ಕೇಳುತ್ತಿದ್ದಳು.

"ತಟ್ಟೆ ಹಿಡಿ" ಎಂದಳು ಕಮಲ ಅಣ್ಣನ ಮಗನಿಗೆ. "ಕಡುಬು ಆರಿ ಹೋಗ್ತದೆ. ಮೊದಲು ಅವಳಿಗೆ ಬಡಿಸು."